ಮೆಕ್ಸಿಕೋದಮ್ಮನ ಹನ್ನೊಂದು ನಿಮಿಷ

ಪಾವಗಡದ ಬಸ್ಸಿನಲ್ಲಿ ಯಶೋದ ಕಿಟಕಿಯ ಪಕ್ಕ ಕೂತಳು. ಕೂತವಳು ತನಗೂ ಗಂಡನಿಗೂ ನಡುವೆ ಬ್ಯಾಗು ಇಟ್ಟಳು. ಸಣ್ಣ ಬ್ಯಾಗು. ಮೇಲಿನ ಕಂಬಿಯಲ್ಲಿ ಅಂಥವು ಹತ್ತು ಹಿಡಿಸುವಷ್ಟು ಜಾಗವಿತ್ತು. ಜಯರಾಮು ಅದನ್ನು ನೋಡಿದ, ಬಾಯಿ ತೆರೆದ, ಮುಚ್ಚಿಕೊಂಡ. ಆಟೋ ನೆತ್ತಿಯ ಮೇಲೆ ಎರಡು ಹಾರನ್ನು ಕಟ್ಟಿಕೊಂಡು ಇಪ್ಪತ್ತಾರು ವರ್ಷ ಮಧುಗಿರಿಯ ಬೀದಿ ಬೀದಿಯಲ್ಲಿ ಸೀರೆ ಸೇಲಿನಿಂದ ಹಿಡಿದು ಪೋಲಿಯೋ ಹನಿಯವರೆಗೆ ಸಾರಿದ ಗಂಟಲು ಅದು. 'ಬ್ಯಾಗ್ ಮೇಲಿಡ್ಲಾ' ಅನ್ನುವ ಎರಡು ಮಾತು ಅದರಿಂದ ಹೊರಡಲಿಲ್ಲ. ಕಂಡಕ್ಟರು ಬಂದ. ಯಶೋದ ಆಧಾರ್ ಕಾರ್ಡು ತೋರಿಸಿ ತನ್ನ ಸೊನ್ನೆ ಟಿಕೆಟ್ಟು ತಾನು ತಗೊಂಡಳು, ಇವನು ಇವನ ಟಿಕೆಟ್ಟು ತಗೊಂಡ. ಜೊತೆಯಲ್ಲಿ ಬಂದವರೆಂದು ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. "ಏನ್ ಮೈಕಣ್ಣ, ಇವತ್ತು ಸೌಂಡೇ ಇಲ್ಲ? ಬ್ಯಾಟ್ರಿ ಡೌನಾ?" ಎಂದ ಕಂಡಕ್ಟರು. ಹಿಂದಿನ ಸೀಟಿನವರು ನಕ್ಕರು. ಜಯರಾಮುವೂ ನಕ್ಕ, ಬೇಕಾದ್ದಕ್ಕಿಂತ ಜೋರಾಗಿ ನಕ್ಕ, ಆಮೇಲೆ ಆ ನಗುವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಕೆಮ್ಮಿದ. ಯಶೋದ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ಬಸ್ಸು ಇನ್ನೂ ಸ್ಟ್ಯಾಂಡಿನಲ್ಲೇ ನಿಂತಿತ್ತು.

ಐವತ್ತಮೂರು ದಿನ. ಎಣಿಸಬಾರದೆಂದುಕೊಂಡರೂ ಬೆಳಿಗ್ಗೆ ಹಲ್ಲುಜ್ಜುವಾಗ ಅಂಕಿ ತಾನಾಗಿ ನಾಲಿಗೆಗೆ ಬಂದು ಕೂರುತ್ತಿತ್ತು. ಮಾತು ಪೂರ್ತಿ ನಿಂತಿದೆ ಅನ್ನುವ ಹಾಗೂ ಇಲ್ಲ. 'ನೀರು ಬಂತು' ಅನ್ನುತ್ತಾಳೆ. 'ಗ್ಯಾಸ್ ಖಾಲಿ' ಅನ್ನುತ್ತಾಳೆ. ಅದು ಗೋಡೆಗೆ ಹೇಳಿದ್ದೋ ತನಗೆ ಹೇಳಿದ್ದೋ ಎಂದು ಅವನು ಅನುಮಾನದಲ್ಲಿ ನಿಂತಿರುವಾಗಲೇ ಅವಳು ಒಳಗೆ ಹೋಗಿರುತ್ತಾಳೆ. ಜಗಳವಾಡಿದ್ದರೆ ಚೆನ್ನಾಗಿತ್ತು. ಜಗಳಕ್ಕೆ ಅವನಲ್ಲಿ ಬೇಕಾದಷ್ಟು ಮಾತಿತ್ತು. ಅವತ್ತು ಬೆಳಿಗ್ಗೆ ದಂಡಿನ ಮಾರಮ್ಮನ ಗುಡಿ ಕಡೆ ಆಟೋ ನಿಧಾನವಾಗಿ ಬಿಟ್ಟುಕೊಂಡು 'ಬನ್ನಿ ತಾಯಂದಿರೇ, ಎರಡು ಸೀರೆ ಕೊಂಡರೆ ಮೂರನೆಯದು ಉಚಿತ' ಎನ್ನುತ್ತಿದ್ದಾಗ ಬಾಮೈದ ಗೋಪಾಲನ ಫೋನು ಬಂತು. "ಬಾವ, ಅಪ್ಪ ಹೋಗ್ಬುಟ್ಟ. ಊರಿಗೆಲ್ಲ ಸಾರ್ಬುಡು ಬಾವ, ನಾಕ್ ಗಂಟೆಗೆ ಎತ್ತೋದು." ಅಕ್ಕನಿಗೆ ಬಾವ ಹೇಳುತ್ತಾನೆಂದು ಗೋಪಾಲ ಅಂದುಕೊಂಡ. ಅಕ್ಕನಿಗೆ ಮೊದಲೇ ಹೇಳಿರುತ್ತಾನೆಂದು ಇವನು ಅಂದುಕೊಂಡ. ಇದನ್ನು ಆಮೇಲೆ ಎಷ್ಟು ಜನಕ್ಕೆ ಹೇಳಿದನೋ. ಎಲ್ಲರೂ, ಅಯ್ಯೋ ಆಗೋದೇ ಬಿಡು, ಅಂದರು. ಆದರೆ ಯಾರಿಗೂ ಹೇಳದೆ ಉಳಿಸಿಕೊಂಡದ್ದು ಬೇರೆ ಇತ್ತು. ಸೀರೆ ಸೇಲು ಬದಿಗಿಟ್ಟು, ಮೈಕು ಮತ್ತೆ ಕೈಗೆ ತಗೊಂಡು, ಗಂಟಲು ಸರಿಮಾಡಿಕೊಂಡಾಗ ಅವನ ಎದೆಯಲ್ಲಿ ದುಃಖದ ಪಕ್ಕದಲ್ಲೇ ಒಂದು ಹುರುಪೂ ಇತ್ತು. ಸಾವಿನ ಸುದ್ದಿ ಸಾರುವುದರಲ್ಲಿ ಅವನದು ದೊಡ್ಡ ಹೆಸರು. 'ಬಂಧುಗಳೇ, ದುಃಖದ ಸಮಾಚಾರ' ಎಂದು ಒಂದು ಕ್ಷಣ ನಿಲ್ಲುತ್ತಾನೆ, ಆಮೇಲೆ ದನಿಯನ್ನು ಒಂದು ಮೆಟ್ಟಿಲು ಇಳಿಸುತ್ತಾನೆ. ಅಂಗಡಿಯವರು ತಕ್ಕಡಿ ಹಿಡಿದ ಕೈ ನಿಲ್ಲಿಸುತ್ತಾರೆ. ಸತ್ರೆ ಜಯರಾಮು ಬಾಯಲ್ಲಿ ಸಾಯ್ಬೇಕು ಕಣಪ್ಪ ಎಂದು ಟೀ ಅಂಗಡಿಯಲ್ಲಿ ತಮಾಷೆ ಮಾಡುತ್ತಾರೆ. ಇವತ್ತು ತನ್ನ ಸ್ವಂತ ಮಾವ. ಚೆನ್ನಾಗಿ ಸಾರಬೇಕು ಅಂದುಕೊಂಡ.

ಚೆನ್ನಾಗಿಯೇ ಸಾರಿದ. "ನಮ್ಮ ಊರಿನ ಹಿರಿಯರೂ ಕುರಿ ವ್ಯಾಪಾರದಲ್ಲಿ ಮನೆಮಾತಾದವರೂ ಆದ ಶ್ರೀಯುತ ಓಬಳಪ್ಪನವರು ಇಂದು ಬೆಳಿಗ್ಗೆ ಒಂಬತ್ತೂ ಮುಕ್ಕಾಲು ಗಂಟೆಗೆ ದೈವಾಧೀನರಾದರು. ಮೃತರು ಮಗ ಗೋಪಾಲ್, ಮಗಳು ಯಶೋದ..." ಅಷ್ಟು ಹೇಳುವಾಗ ಆಟೋ ಮೂಲೆ ತಿರುಗಿತು. ನೀರಿನ ಘಟಕದ ಮುಂದೆ, ಕ್ಯಾನು ಹಿಡಿದುಕೊಂಡು, ಯಶೋದ ನಿಂತಿದ್ದಳು. ತನ್ನ ಹೆಸರನ್ನು ಆಗತಾನೆ ಕೇಳಿಸಿಕೊಂಡು ತಲೆ ಎತ್ತಿದ್ದಳು. ಅವನು ಅವಳನ್ನು ನೋಡಿದ. ಅವಳು ಅವನನ್ನಲ್ಲ, ಅವನ ತಲೆಯ ಮೇಲಿದ್ದ ಹಾರನ್ನನ್ನು ನೋಡುತ್ತಿದ್ದಳು. ಅಲ್ಲಿ ನಿಲ್ಲಿಸಬಹುದಿತ್ತು. ಮೈಕಿನ ಗುಂಡಿ ಹೆಬ್ಬೆರಳಿನ ಕೆಳಗೇ ಇತ್ತು. ಇಪ್ಪತ್ತಾರು ವರ್ಷದಲ್ಲಿ ಒಂದು ಸಾಲನ್ನೂ ಅವನು ಅರ್ಧಕ್ಕೆ ಬಿಟ್ಟವನಲ್ಲ. "...ಅಳಿಯ ಜಯರಾಮು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಅಂತ್ಯಕ್ರಿಯೆಯು ಸಂಜೆ ನಾಲ್ಕು ಗಂಟೆಗೆ..." ಎಂದು ಪೂರ್ತಿ ಮುಗಿಸಿ, ಆಮೇಲೆ ಬ್ರೇಕು ಹಾಕಿದ. ಥೂ ನನ್ನ ಬಾಯಿಗೆ, ಎಂದು ಬಸ್ಸಿನಲ್ಲಿ ಕೂತ ಜಯರಾಮು ಐವತ್ತಮೂರನೆಯ ಸಲ ಬೈದುಕೊಂಡ. ಹೆಂಡತಿಯ ಮುಖ ಕಂಡ ಮೇಲೂ ಹೊತ್ತು, ಗಳಿಗೆ, ಸ್ಥಳ ಎಲ್ಲ ಹೇಳಿ ಮುಗಿಸಿದ ಬಾಯಿ ಇದು.

ಮಣ್ಣು ಮಾಡಿ ಬಂದ ಸಂಜೆ ಅವಳು ಹಿತ್ತಿಲಲ್ಲಿ ಕೂತಿದ್ದವಳು ಕೇಳಿದಳು: "ಊರಿಗೆಲ್ಲ ಹೇಳ್ದೆ. ನಂಗ್ಯಾಕೆ ಹೇಳ್ನಿಲ್ಲ?" ಅವನಿಗೆ ಸುಸ್ತಾಗಿತ್ತು, ಹೆದರಿಕೆಯೂ ಆಗಿತ್ತು. "ಮೈಕಲ್ಲಿ ಹೇಳ್ದೆನಲ್ಲ" ಎಂದುಬಿಟ್ಟ. ಅಂದ ಮೇಲೆ ಅದು ತನ್ನ ಕಿವಿಗೇ ಕೇಳಿಸಿತು. ಅವಳು ಎದ್ದು ಒಳಗೆ ಹೋದಳು. ಅವತ್ತಿನಿಂದ ಅವಳು ಅತ್ತಿಲ್ಲ. ಹೆಣದ ಮುಂದೆ ಅಳಲಿಲ್ಲ, ಹನ್ನೊಂದನೆಯ ದಿನ ಅಳಲಿಲ್ಲ, ಅಪ್ಪನ ಕಂಬಳಿ ಒಗೆಯುವಾಗಲೂ ಅಳಲಿಲ್ಲ. "ಅದೇನ್ ಕಲ್ಲೆದೆಯಮ್ಮ, ಹೆತ್ತಪ್ಪ ಸತ್ರೆ ಒಂದ್ ಹನಿ ಕಣ್ಣೀರಿಲ್ಲ" ಎಂದು ನೆಂಟರು ಮನೆಯ ಮುಂದೆಯೇ ಆಡಿಕೊಂಡರು. ಅವಳದು ಕಲ್ಲೆದೆಯಲ್ಲ. ಟಿವಿಯಲ್ಲಿ ಯಾರದೋ ಮನೆಯ ನಾಯಿ ಕಳೆದುಹೋದರೆ ಸೆರಗು ಕಣ್ಣಿಗೆ ಹೋಗುವ ಹೆಂಗಸು. ಅವಳೊಳಗೆ ಅಳು ಎಲ್ಲೋ ಸಿಕ್ಕಿಕೊಂಡಿದೆ, ಸಿಕ್ಕಿಸಿದವನು ತಾನು ಎಂದು ಜಯರಾಮುವಿಗೆ ಗೊತ್ತಿತ್ತು. ಬಿಡಿಸುವುದು ಹೆಂಗೆಂದು ಗೊತ್ತಿರಲಿಲ್ಲ.

ಬಸ್ಸು ಮಿಡಿಗೇಶಿ ದಾಟಿತು. ಬಂಡೆಗಳು, ಕತ್ತಾಳೆ ಬೇಲಿ, ಪಾಪಾಸುಕಳ್ಳಿ. ಇವೆರಡೂ ಮೆಕ್ಸಿಕೋ ಕಡೆಯಿಂದಲೇ ಬಂದ ಗಿಡಗಳೆಂದು ನರಸಿಂಹರಾಜು ಮೇಷ್ಟ್ರು ಹೇಳಿದ್ದರಲ್ಲ. ಮೇಷ್ಟ್ರು ಕಾಲೇಜಿನಲ್ಲಿ ಇತಿಹಾಸ ಹೇಳುವವರು; ಸಿನಿಮಾ ಹುಚ್ಚು. ಮೆಕ್ಸಿಕೋದ ಒಬ್ಬ ನಿರ್ದೇಶಕಿಗೆ ತಾವೇ ಪತ್ರ ಬರೆದು, ಅವಳ ಸಿನಿಮಾವನ್ನು ನಾಲ್ಕು ತಾಲ್ಲೂಕಿನಲ್ಲಿ, ಮಧ್ಯಾಹ್ನದ ಹೊತ್ತು, ಕುರಿ ಮೇಯಿಸುವವರಿಗೆ, ಕೂಲಿ ಹೋಗುವ ಹೆಂಗಸರಿಗೆ ಬಿಟ್ಟಿಯಾಗಿ ತೋರಿಸಲು ಒಪ್ಪಿಗೆ ತರಿಸಿಕೊಂಡಿದ್ದರು. 'ತೋರಿಸಿ, ಆದರೆ ಸದ್ದು ಕಡಿಮೆ ಮಾಡಬೇಡಿ, ಒಲೆಯ ಸದ್ದು ಕೇಳಬೇಕು' ಎಂದು ಆಯಮ್ಮ ಉತ್ತರ ಬರೆದಿದ್ದಳಂತೆ. ಕೆಳಗೆ ಬರುವ ಅಕ್ಷರ ಓದಲಾರದವರಿಗೆ ಮಾತನ್ನು ಕನ್ನಡದಲ್ಲಿ ಹೇಳುವವರು ಬೇಕಿತ್ತು. ಜಯರಾಮು ಬಿಟ್ಟರೆ ಇನ್ಯಾರು? ಮೇಷ್ಟ್ರು ಒಂಬತ್ತು ಹಾಳೆ ಕೊಟ್ಟರು. "ಇಷ್ಟೇನಾ ಸಾ? ಎರಡು ಗಂಟೆ ಸಿನಿಮಾಕ್ಕೆ?" ಎಂದ ಇವನು, ಅವಮಾನವಾದವನಂತೆ. ಆಯಮ್ಮನಿಗೆ ನಾಲ್ಕು ಹೆಸರು, ಒಂದೂ ನಾಲಿಗೆಯಲ್ಲಿ ನಿಲ್ಲಲಿಲ್ಲ. ಮೆಕ್ಸಿಕೋದಮ್ಮ ಎಂದು ಕರೆದುಕೊಂಡ. ಇಪ್ಪತ್ತು ವರ್ಷದಲ್ಲಿ ನಾಲ್ಕೇ ಸಿನಿಮಾ ಮಾಡಿದವಳು. ಪಾತ್ರ ಮಾಡುವವರೆಲ್ಲ ಹಳ್ಳಿಯವರೇ. ಕ್ಯಾಮೆರಾವನ್ನು ಒಲೆಯ ಮುಂದೆ ಕೂತವರ ಕಣ್ಣಿನ ಎತ್ತರದಲ್ಲಿ ಇಟ್ಟರೆ ಆಮೇಲೆ ಕದಲಿಸುವುದಿಲ್ಲ, ಸಂಗೀತವಂತೂ ಇಲ್ಲವೇ ಇಲ್ಲ, ಎಂದೆಲ್ಲ ಮೇಷ್ಟ್ರು ಹೇಳುವಾಗ ಜಯರಾಮು ಪಾಪ ಈಯಪ್ಪನಿಗೆ ಯಾರೋ ಸರಿಯಾಗಿ ಟೋಪಿ ಹಾಕಿದ್ದಾರೆ ಅಂದುಕೊಂಡಿದ್ದ.

ಪಾವಗಡದ್ದು ಕೊನೆಯ ಆಟ. ಮೊದಲ ಆಟ ಕೊರಟಗೆರೆಯಲ್ಲಿ ಆಗಿತ್ತು. ಸಮುದಾಯ ಭವನದ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದರು. ಚನ್ನರಾಯನದುರ್ಗದ ಕಡೆಯಿಂದ, ತೋವಿನಕೆರೆ ಕಡೆಯಿಂದ ನೂರು ಜನ ಬಂದಿದ್ದರು. ಪರದೆಯ ಮೇಲೆ ಬಂಡೆ ಬಯಲು, ಕತ್ತಾಳೆ ಸಾಲು. 'ಅಯ್, ನಮ್ ಪಾವಗಡ ಕಣ್ಲಾ' ಎಂದು ಯಾರೋ ಕೂಗಿದರು. ಕಲ್ಲು ಗಣಿಗೆ ಹೋದ ಗಂಡ, ಮನೆಯಲ್ಲಿ ಜೋಳದ ಹಿಟ್ಟು ನಾದುವ ಹೆಂಡತಿ. ದೂರದ ದಾರಿಯಲ್ಲಿ ಒಂದು ಚುಕ್ಕೆ. ಚುಕ್ಕೆ ಬೆಳೆದು ಮನುಷ್ಯನಾಗುತ್ತದೆ, ಗಣಿಯಲ್ಲಿ ಗಂಡನ ಜೊತೆ ಕೆಲಸ ಮಾಡುವವನು. ಗಂಡ ಕಲ್ಲಿನಡಿ ಸಿಕ್ಕಿ ಸತ್ತಿದ್ದಾನೆ. ಅದನ್ನು ಹೇಳಲು ಬಂದಿದ್ದಾನೆ. ಬಂದವನು ಒಲೆಯ ಮುಂದೆ ಕೂತು ಟೋಪಿಯನ್ನು ಮಂಡಿಯ ಮೇಲಿಟ್ಟುಕೊಳ್ಳುತ್ತಾನೆ. ಅವಳು ನೀರು ಕೊಡುತ್ತಾಳೆ. ರೊಟ್ಟಿ ತಟ್ಟುತ್ತಾಳೆ. ಅವನು ಒಂದು ತಿನ್ನುತ್ತಾನೆ. ಇನ್ನೊಂದು ತಟ್ಟುತ್ತಾಳೆ. ಹನ್ನೊಂದು ನಿಮಿಷ! ಹಾಳೆಯಲ್ಲಿ ಆ ಜಾಗದಲ್ಲಿ ಮೇಷ್ಟ್ರು ಒಂದು ಗೆರೆ ಎಳೆದು 'ಮಾತಿಲ್ಲ' ಎಂದು ಬರೆದಿದ್ದರು. ಗೆರೆಯ ಕೊನೆಗೆ ಒಂದೇ ಪದ, ಸತ್ತವನ ಹೆಸರು. ಮೂರು ನಿಮಿಷಕ್ಕೆ ಜಯರಾಮುವಿನ ಹಣೆ ಬೆವರಿತು. ಜನ ಎದ್ದುಹೋದರೆ? ಯಾರೋ ಕೆಮ್ಮಿದರು, ಇನ್ಯಾರೋ ಕುರ್ಚಿ ಸರಿಸಿದರು. ಅವನಿಗೆ ತಡೆಯಲಾಗಲಿಲ್ಲ. "ನೋಡಿ ಬಂಧುಗಳೇ, ಪಾಪ, ಈ ತಾಯಿ ಏನೂ ಅರಿಯದೆ ರೊಟ್ಟಿ ತಟ್ಟುತ್ತಿದ್ದಾಳೆ. ಆಕೆಯ ಪತಿ ಗಣಿಯಲ್ಲಿ ದೈವಾಧೀನರಾದ ವಿಷಯ ಆಕೆಗಿನ್ನೂ ತಿಳಿದಿಲ್ಲ..."

"ಲೇ ಮೈಕು, ಬಾಯ್ ಮುಚ್ಕಳ್ಲಾ!"

ಮುಂದಿನ ಸಾಲಿನಿಂದ ಬಂದ ದನಿ. ತೋವಿನಕೆರೆಯ ಗಿರಿಯಮ್ಮ, ಎಪ್ಪತ್ತು ದಾಟಿದ ಮುದುಕಿ, ಮೊನ್ನೆಯವರೆಗೂ ಕುರಿ ಹಿಂದೆ ನಡೆದವಳು. ಎದ್ದು ನಿಂತೇ ಬೈದಳು. "ಅವ್ಳಿಗೆ ಗೊತ್ತು ಕಣ್ಲಾ. ಎರಡ್ನೇ ರೊಟ್ಟಿಗೇ ಗೊತ್ತಾಯ್ತು. ಕೈ ನಿಂತ್ಕಂತು, ನೋಡ್ನಿಲ್ವಾ ನೀನು? ಅವ್ನು ಹೇಳೋಗಂಟ ಅವ್ಳು ರೊಟ್ಟಿ ತಟ್ತಾಳೆ. ಅವ್ನ್ ಬಾಯಿಂದ ಬರ್ಬೇಕು. ನೀನ್ಯಾವನಲಾ ನಡುವ್ನಾಗೆ ಹೇಳಕ್ಕೆ?" ನೂರು ಜನರ ಮುಂದೆ ಜಯರಾಮುವಿನ ಕಿವಿ ಬಿಸಿಯಾಯಿತು. ನಾನು ಪರದೆಯ ಪಕ್ಕದಲ್ಲೇ ಕೂತಿದ್ದೆನಲ್ಲ, ನನಗೆ ಕಾಣಲಿಲ್ಲವೇ? ನಾನು ಜನ ನೋಡುತ್ತಿದ್ದೆ. ಯಾವತ್ತೂ ಜನವನ್ನೇ ನೋಡುತ್ತೇನೆ, ಅಂದುಕೊಂಡ. ಆಟ ಮುಗಿದ ಮೇಲೆ ಗಿರಿಯಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತಾ ಹತ್ತಿರ ಬಂದು, "ಬೇಜಾರ್ ಮಾಡ್ಕಬ್ಯಾಡಪ್ಪ. ಗಂಟ್ಲು ಚೆನ್ನಾಗೈತೆ ನಿಂದು" ಎಂದಳು. ಬೈದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಶಿರಾದ ಆಟಕ್ಕೆ ಎರಡು ದಿನವಿತ್ತು. ಅವನು ಮೇಷ್ಟ್ರ ಹತ್ತಿರ ಆಯಮ್ಮನ ಉಳಿದ ಸಿನಿಮಾಗಳನ್ನು ಫೋನಿಗೆ ಹಾಕಿಸಿಕೊಂಡ. ಕೆರೆ ಏರಿಯ ಮೇಲೆ ಹುಣಸೆ ಮರದಡಿ ಆಟೋ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂತು, ಹಾಡುಹಗಲು ನೋಡಿದ. ಒಂದರಲ್ಲಿ ಮುದುಕನೊಬ್ಬ ಬಾವಿಯ ರಾಟೆ ಸರಿಮಾಡುತ್ತಾನೆ, ಅಷ್ಟೇ. ಆದರೆ ಅವನು ಹಗ್ಗ ಎಳೆದು ನೋಡುವ ರೀತಿಯಲ್ಲೇ ಆ ಬಾವಿಗೆ ಹಿಂದೆ ಯಾರೋ ಬಿದ್ದಿದ್ದಾರೆಂದು ಗೊತ್ತಾಗುತ್ತದೆ. ಯಾರೂ ಹೇಳುವುದಿಲ್ಲ. ಹೇಳದೆ ಹೆಂಗೆ ಗೊತ್ತಾಯಿತು? ಹಿಂದಕ್ಕೆ ಎಳೆದು ಮತ್ತೆ ನೋಡಿದ. ಇನ್ನೊಂದರಲ್ಲಿ ಒಬ್ಬಳು ತಾಯಿ ಅಂಗಳಕ್ಕೆ ನೀರು ಹಾಕುತ್ತಾಳೆ, ಗೇಟಿನ ಸದ್ದಿಗೆ ಒಂದು ಗಳಿಗೆ ನಿಲ್ಲುತ್ತಾಳೆ, ಗಾಳಿಗೆ ಅಲ್ಲಾಡಿದ್ದೆಂದು ತಿಳಿದು ಮತ್ತೆ ನೀರು ಹಾಕುತ್ತಾಳೆ. ಜಯರಾಮುವಿನ ಮೈ ಜುಮ್ಮೆಂದಿತು. ಅಲ್ಲಾ, ಯಾರಮ್ಮ ನೀನು? ಸಮುದ್ರದಾಚೆ ಎಲ್ಲೋ ಕೂತು ನಮ್ಮ ಹಿತ್ತಿಲ ಬಾಗಿಲ ಸಂದಿಯಿಂದ ಇಣುಕಿದೆಯಾ? ಯಶೋದಳೂ ಹಾಗೆಯೇ ನಿಲ್ಲುತ್ತಾಳೆ, ಕೊಡ ಕೈಯಲ್ಲಿ ಹಿಡಿದು, ಸಂಜೆ ಅಪ್ಪ ಬರುತ್ತಿದ್ದ ಹೊತ್ತಿಗೆ. ದಿನಾ ನೋಡಿದ್ದೇನೆ, ಆದರೂ ನೋಡಿಲ್ಲ. ಇನ್ನೂರು ವ್ಯಾಟಿನ ಹಾರನ್ನು ಹಾಕಿಕೊಂಡು ತಾನು ಇಷ್ಟು ವರ್ಷ ಸಾರಿದ್ದಕ್ಕಿಂತ, ಮೆಕ್ಸಿಕೋದಮ್ಮ ಸುಮ್ಮನೆ ಇಟ್ಟ ಒಂದು ಗೇಟಿನ ಸದ್ದು ದೊಡ್ಡದಾಗಿದೆಯಲ್ಲ ಎಂದು ಅವನಿಗೆ ಭಯವಾಯಿತು, ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ಬಂದವನಿಗೆ ಆಗುವಂಥ ಭಯ. ಕಣ್ಣು ಒದ್ದೆಯಾದದ್ದು ಬಿಸಿಲಿಗೆ ಎಂದುಕೊಂಡ. ನೆರಳಲ್ಲಿ ಕೂತಿದ್ದ.

ಶಿರಾದಲ್ಲಿ ಅವನು ಬಾಯಿಗೆ ಲವಂಗ ಹಾಕಿಕೊಂಡು, ಮೈಕನ್ನು ಮೇಜಿನ ಮೇಲಿಟ್ಟು ಪರದೆಯನ್ನೇ ನೋಡಿದ. ಎರಡನೆಯ ರೊಟ್ಟಿ. ಪಟ್, ಪಟ್, ಪಟ್, ಆಮೇಲೆ ಒಂದು ಪಟ್ ಇಲ್ಲ. ಅಲ್ಲಿ! ಕೈಗಳೆರಡೂ ಗಾಳಿಯಲ್ಲಿ, ನಡುವೆ ಹಿಟ್ಟು, ಅವಳು ತಲೆ ಎತ್ತುವುದಿಲ್ಲ. ಅರ್ಧ ಕ್ಷಣವೂ ಇಲ್ಲ. ಮತ್ತೆ ಪಟ್, ಪಟ್. ಹತ್ತಿರದಿಂದ ತೋರಿಸಿಲ್ಲ, ಏನಿಲ್ಲ. ನೋಡಿದವರು ನೋಡಿಕೊಳ್ಳಲಿ ಎಂದು ಬಿಟ್ಟುಬಿಟ್ಟಿದ್ದಾಳೆ ಮಹರಾಯ್ತಿ. ಬಾಗಿಲಿನ ಬಿಸಿಲು ನೆಲದ ಮೇಲೆ ಒಂದು ಗೇಣು ಸರಿಯುತ್ತದೆ. ಕೋಳಿಯೊಂದು ಒಳಗೆ ಬಂದು ಹೋಗುತ್ತದೆ. ರೊಟ್ಟಿ ಏಳಾಗುತ್ತವೆ, ಎಂಟಾಗುತ್ತವೆ, ಮೊದಲನೆಯದು ಬಿಟ್ಟು ಯಾರೂ ತಿನ್ನುವುದಿಲ್ಲ. ಹಿಂದೆ ಕೂತಿದ್ದ ಸಾಬರ ಅಜ್ಜಿಯೊಬ್ಬಳು "ಯಾ ಅಲ್ಲಾ" ಎಂದು ಉಸಿರು ಬಿಟ್ಟಳು. ಕೊನೆಗೆ ಬಂದವನು ಸತ್ತವನ ಹೆಸರು ಹೇಳುತ್ತಾನೆ, ಬರೀ ಹೆಸರು. ಜಯರಾಮು ಮೈಕಿನಲ್ಲಿ ಅದನ್ನೇ ಹೇಳಿದ: "ಎಸ್ತೆಬಾನ್." ತನ್ನ ದನಿ ಹಾರನ್ನಿನಿಂದ ಹೊರಬಂದು ಗೋಡೆಗೆ ಬಡಿದದ್ದು ಕೇಳಿ ನಾಚಿಕೆಯಾಯಿತು. ಆಟ ಮುಗಿದ ಮೇಲೆ ಮೇಷ್ಟ್ರನ್ನು ಕೇಳಿದ, "ಸಾ, ಆಯಮ್ಮಂಗೆ ಇದೆಲ್ಲ ಯಾರ್ ಹೇಳ್ಕೊಟ್ರು?" ಮೇಷ್ಟ್ರು ನಕ್ಕರು. "ಅವಳಪ್ಪ ಅಂಚೆಯವನಂತೆ. ಸಾವಿನ ತಂತಿ ಬಂದರೆ ಚೀಟಿ ಕೊಟ್ಟು ಬರೋನಲ್ಲ, ಅವರ ಮನೇಲಿ ಕೂತು ನೀರು ಕುಡಿದು ಆಮೇಲೆ ಹೇಳೋನಂತೆ. ಅವಳು ಜೊತೇಲಿ ಹೋಗ್ತಿದ್ದಳಂತೆ." ಜಯರಾಮು ಆ ರಾತ್ರಿಯ ಊಟ ಬಿಟ್ಟ. ನೀರು ಕುಡಿದು, ಆಮೇಲೆ ಹೇಳೋನಂತೆ.

ಮಧುಗಿರಿಯ ಆಟ ಮನೆಯಿಂದ ನಾಲ್ಕು ಹೆಜ್ಜೆಯಲ್ಲಿತ್ತು. ಯಶೋದ ಬರಲಿಲ್ಲ. ಅವನೂ ಕರೆಯಲಿಲ್ಲ, ಕರೆದರೆ ಅದೂ ಸಾರಿದ ಹಾಗಾಗುತ್ತದೆ ಎಂದು ಹೆದರಿದ. ಇವತ್ತು ಅವಳು ಜೊತೆಗೆ ಹೊರಟಿದ್ದೂ ಸಿನಿಮಾಕ್ಕಲ್ಲ. ನಾಗಲಮಡಿಕೆಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಬೇಕು, ದಾರಿ ಒಂದೇ, ಬಸ್ಸು ಒಂದೇ. ಪಾವಗಡ ಬಂತು. ಅವಳು ಬ್ಯಾಗು ತಗೊಂಡು ಇಳಿದು, ತಿರುಗಿ ನೋಡದೆ, ನಾಗಲಮಡಿಕೆ ಬಸ್ಸು ನಿಲ್ಲುವ ಕಡೆ ನಡೆದಳು. ಬಿಸಿಲು ಬಂಡೆಯಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ನಿಲ್ಲು ಅನ್ನಬೇಕೆಂದು ಅವನಿಗೆ ಎಷ್ಟು ಆಸೆಯಾಯಿತೆಂದರೆ, ಕೈ ತಾನಾಗಿ ಮೈಕು ಹಿಡಿದಂತೆ ಬಾಯಿಯ ಹತ್ತಿರ ಹೋಯಿತು. ಒಬ್ಬ ಹೂವಿನವಳು ಅದನ್ನು ನೋಡಿ ನಕ್ಕಳು. ಅವನು ಆ ಕೈಯಿಂದ ಮೂಗು ಒರೆಸಿಕೊಂಡು ಆಟವಿದ್ದ ಭವನದ ಕಡೆ ಹೊರಟ.

ಎರಡೂವರೆಗೆ ಆಟ ಶುರುವಾಗಬೇಕು. ಜನ ತುಂಬಿದ್ದರು, ಕುರಿಯವರು ಕೋಲುಗಳನ್ನು ಬಾಗಿಲಿಗೆ ಒರಗಿಸಿ ಕೂತಿದ್ದರು, ಸ್ತ್ರೀಶಕ್ತಿ ಸಂಘದ ಹೆಂಗಸರು ಒಂದೇ ಬಣ್ಣದ ಸೀರೆಯಲ್ಲಿ ಬಂದಿದ್ದರು. ಪರದೆಯ ಮೇಲೆ ಕತ್ತಾಳೆ ಕಂಡದ್ದೇ "ಏಮಿರಾ ಇದಿ, ಮನ ಊರೇ ಕದಾ!" ಎಂದು ಒಬ್ಬ ತೆಲುಗಿನಲ್ಲಿ ಕೂಗಿದ, ನಮ್ಮೂರೇ ಅಲ್ವಾ ಇದು ಅಂತ, ಎಲ್ಲರೂ ನಕ್ಕರು. ಜಯರಾಮು ಮೊದಲ ನಾಲ್ಕು ಸಾಲು ಹೇಳಿದ. ಆಗ ಹಿಂದಿನ ಬಾಗಿಲು ತೆರೆದು ಬಿಸಿಲು ಒಳಗೆ ಬಂತು, ಬಿಸಿಲಿನಲ್ಲಿ ಯಶೋದ ನಿಂತಿದ್ದಳು. ಬಾಗಿಲಲ್ಲಿದ್ದ ಮೇಷ್ಟ್ರಿಗೆ ಹೇಳಿದಳು, ಗಂಡನಿಗಲ್ಲ: "ಬಸ್ ಹೋಗ್ಬುಡ್ತು ಸಾ. ಇನ್ನ ನಾಕೂವರೆಗಂತೆ. ಒಂದ್ ಗಳಿಗೆ ಫ್ಯಾನ್ ಕೆಳಗೆ ಕೂತ್ಕತೀನಿ." ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತಳು. ಪರದೆ ನೋಡಲಿಲ್ಲ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಜಯರಾಮು ಐದನೆಯ ಸಾಲನ್ನು ತಪ್ಪು ಜಾಗದಲ್ಲಿ ಹೇಳಿದ.

ದಾರಿಯ ಕೊನೆಯಲ್ಲಿ ಚುಕ್ಕೆ ಕಂಡಾಗ ಯಶೋದ ತಲೆ ಎತ್ತಿದ್ದಳು. ಚುಕ್ಕೆ ಮನುಷ್ಯನಾಗುವ ಹೊತ್ತಿಗೆ ಅವಳ ಕೈ ಮಡಿಲಿಗೆ ಬಂದಿತ್ತು. ಜಯರಾಮು ಈ ಸಲ ಪರದೆಯನ್ನೂ ನೋಡಲಿಲ್ಲ, ಜನವನ್ನೂ ನೋಡಲಿಲ್ಲ, ಅವಳೊಬ್ಬಳನ್ನೇ ನೋಡಿದ. ಪಟ್, ಪಟ್. ಮೊದಲನೆಯ ರೊಟ್ಟಿ. ಪರದೆಯ ಬೆಳಕು ಅವಳ ಮುಖದ ಮೇಲೆ ಆಡುತ್ತಿತ್ತು, ಎಷ್ಟು ಬಡವಾಗಿದ್ದಾಳೆ! ಇದು ಯಾವಾಗ ಆಯಿತು? ಎರಡನೆಯ ರೊಟ್ಟಿಯಲ್ಲಿ ಪಟ್ ನಿಂತಿತು. ಅದೇ ಅರ್ಧ ಕ್ಷಣ ಯಶೋದಳ ಉಸಿರೂ ನಿಂತದ್ದನ್ನು, ಕೊನೆಯ ಸಾಲಿನಲ್ಲಿ, ಅಷ್ಟು ದೂರದಿಂದ, ಅವನು ಕಂಡ. ಮೆಕ್ಸಿಕೋದಮ್ಮ, ತಾಯಿ, ಇದನ್ನು ನೀನು ಇವಳಿಗಾಗಿಯೇ ಮಾಡಿದೆಯಾ? ಯಾವ ಊರಿನ ಒಲೆ, ಯಾವ ಊರಿನ ಹೆಂಗಸು. ನೂರೈವತ್ತು ಜನ ಒಬ್ಬಳ ಜೊತೆ ಕಾಯುತ್ತಿದ್ದರು. ಯಾರದೋ ಮನೆಯಲ್ಲಿ ಕೂತು ಹೀಗೆ ಕಾಯುವುದನ್ನು ನಮಗೆ ಹೇಳಿಕೊಡಲು ಅಲ್ಲಿಂದ ಇಲ್ಲಿಗೆ ಬಂದೆಯಲ್ಲ ಎಂದು ಅವನ ಎದೆ ತುಂಬಿತು, ಕೈ ಮುಗಿಯಬೇಕೆನಿಸಿತು. ಆರನೆಯ ರೊಟ್ಟಿಯ ಹೊತ್ತಿಗೆ ಅವನು ಎದ್ದ. ಮೈಕಿನ ಗುಂಡಿ ಆರಿಸಿದ. ಮೇಷ್ಟ್ರು ಹುಬ್ಬು ಹಾರಿಸಿ ಹಾಳೆ ತೋರಿಸಿದರು, ಹೆಸರು ಹೇಳಬೇಕಲ್ಲ ಎಂದು. ಅವನು ತಲೆ ಅಲ್ಲಾಡಿಸಿ, ಗೋಡೆ ಹಿಡಿದುಕೊಂಡು, ಮಂಡಿಗಳನ್ನು ದಾಟಿಕೊಂಡು, ಕೊನೆಯ ಸಾಲಿಗೆ ನಡೆದ. ಅವಳ ಪಕ್ಕದ ಕುರ್ಚಿ ಖಾಲಿಯಿತ್ತು. ಕೂತ.

ಅವಳು ತಿರುಗಲಿಲ್ಲ. ಎದ್ದೂ ಹೋಗಲಿಲ್ಲ. ಏಳನೆಯ ರೊಟ್ಟಿ. ಬಿಸಿಲು ಸರಿಯಿತು. ಮಾತಾಡದೆ ಇಷ್ಟು ಹತ್ತಿರ, ಇಷ್ಟು ಹೊತ್ತು ಅವಳ ಪಕ್ಕದಲ್ಲಿ ಯಾವತ್ತಾದರೂ ಕೂತಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ಹೋದ, ಸಿಗಲಿಲ್ಲ. ಹನುಮಂತನ ಗುಡಿಯಲ್ಲಿ ತಾಳಿ ಕಟ್ಟುವಾಗಲೂ ಪುರೋಹಿತನ ಮೈಕು ಸರಿಯಿಲ್ಲವೆಂದು ಏನೋ ಹೇಳುತ್ತಿದ್ದ. ಎಂಟನೆಯ ರೊಟ್ಟಿ ತವೆಯ ಮೇಲೆ ಉಬ್ಬಿತು. ಪರದೆಯ ಮೇಲೆ ಟೋಪಿಯವನು ತುಟಿ ಒದ್ದೆ ಮಾಡಿಕೊಂಡು, ತನ್ನ ಭಾಷೆಯಲ್ಲಿ, ತನ್ನ ಬಾಯಿಂದ, ಆ ಹೆಸರು ಹೇಳಿದ. ಕನ್ನಡದಲ್ಲಿ ಯಾರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಾಯಿತು. ರೊಟ್ಟಿ ತಟ್ಟುವ ಹೆಂಗಸು ಒಲೆಯಿಂದ ಒಂದು ಕೊಳ್ಳಿ ಹಿಂದಕ್ಕೆ ಎಳೆದಳು, ಬೆಂಕಿ ಸಣ್ಣದಾಯಿತು.

"ಈಗ ಹೇಳು" ಎಂದಳು ಯಶೋದ. ಕಣ್ಣು ಪರದೆಯ ಮೇಲೇ ಇತ್ತು.

ಅವನಿಗೆ ಅರ್ಥವಾಯಿತು. ಸಾವಿರ ಸಾವು ಸಾರಿದವನಿಗೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ. ಬಂಧುಗಳೇ ಎಂಬುದು ನಾಲಿಗೆಯ ತುದಿಗೆ ಬಂತು, ನುಂಗಿದ. ಶ್ರೀಯುತ ಎಂಬುದು ಬಂತು, ಅದನ್ನೂ ನುಂಗಿದ. ಇದೆಲ್ಲ ಹೋದ ಮೇಲೆ ಉಳಿದ ದನಿ ಬಹಳ ಸಣ್ಣದಿತ್ತು, ಅವನದೇ ಎಂದು ಅವನಿಗೂ ಗುರುತು ಹತ್ತಲಿಲ್ಲ.

"ಯಶೋದ," ಎಂದ. "ನಿಮ್ಮಪ್ಪ ಹೋಗ್ಬುಟ್ರು ಕಣೆ."

ಅವಳು ಬ್ಯಾಗನ್ನು ಕುರ್ಚಿಯ ಕೆಳಗೆ ಸರಿಸಿದಳು.

"ಯಾವಾಗ?"

"ಬೆಳಿಗ್ಗೆ. ಗೋಪಾಲನ ಮನೇಲಿ, ಜಗಲಿ ಮೇಲೆ."

"ನೋವಾಯ್ತಂತಾ?"

"ಇಲ್ವಂತೆ. ಟೀ ಕುಡೀತಾ ಕೂತಿದ್ರಂತೆ. ಲೋಟ ಕೆಳಗಿಟ್ಟು, ಯಶೋದ ಇವತ್ತು ಬರ್ತಾಳಾ ಅಂತ ಕೇಳಿದ್ರಂತೆ. ಆಮ್ಯಾಕೆ ಗೋಡೆಗೆ ಒರಗಿದ್ರಂತೆ."

ಮಣ್ಣು ಮಾಡುವಾಗ ಗೋಪಾಲ ಇವನೊಬ್ಬನಿಗೇ ಹೇಳಿದ್ದ ಇದನ್ನು ಅವನು ಐವತ್ತಮೂರು ದಿನದಿಂದ ಯಾರಿಗೂ ಹೇಳಿರಲಿಲ್ಲ. ಸಾರುವ ಸುದ್ದಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಯಶೋದ ನಿಧಾನವಾಗಿ ಅವನ ಕಡೆ ತಿರುಗಿದಳು. ಬಾಯಿ ತೆರೆದಳು, ಸದ್ದು ಬರಲಿಲ್ಲ, ಇನ್ನೊಮ್ಮೆ ತೆರೆದಳು. ಆಮೇಲೆ ಅತ್ತಳು, ಈಗತಾನೆ ಅಪ್ಪ ಸತ್ತ ಮಗಳು ಅಳುವ ಹಾಗೆ, "ಅಪ್ಪೋ" ಎಂದು ಎದೆ ಬಡಿದುಕೊಂಡು, ಪಾವಗಡದ ನೂರೈವತ್ತು ಜನ ಸಿನಿಮಾ ಬಿಟ್ಟು ತಿರುಗಿ ನೋಡುವ ಹಾಗೆ ಅತ್ತಳು.